ಕೆಳಗಿನ ಮೊಳೆ
ತೀರಿಹೋಗುವ ಹಿಂದಿನ ದಿನ ಬೆಳಗ್ಗೆ ನಮ್ಮ ಯಜಮಾನರು ತಾವೇ ಬಗ್ಗಿ, ಬಾಗಿಲ ಚೌಕಟ್ಟಿನ ಕೆಳಗಿನ ಮೊಳೆಯಿಂದ ಹಾಲಿನ ಚೀಲ ತೆಗೆದುಕೊಂಡು ಬಂದರು. "ಬೆನ್ನು ಹೇಗಿದೆ?" ಅಂದೆ. "ಪರವಾಗಿಲ್ಲ" ಅಂದರು. ಬಡಗಿ ಮನುಷ್ಯ, ಮರ ಮಾತಾಡಿದರೂ ಅವರು ಮಾತಾಡುವವರಲ್ಲ. ಊಟ ಕೆಟ್ಟರೂ ಪರವಾಗಿಲ್ಲ, ಮನೆ ಸೋರಿದರೂ ಪರವಾಗಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಿ ಹೇಳಿದ್ದೂ ಅದನ್ನೇ. ಬೆನ್ನುಮೂಳೆಯ ಆಪರೇಷನ್ ಆದಮೇಲೆ ನಾವು ತೋರಿಸೋಕೆ ಹೋದಾಗಲೆಲ್ಲ ಡಾಕ್ಟರು, "ಎಷ್ಟು ವಾಸಿ? ಅರ್ಧವೋ, ಮುಕ್ಕಾಲೋ?" ಎಂದು ಕೇಳುವರು. ಇವರು ಪರವಾಗಿಲ್ಲ ಅನ್ನುವರು. "ಅಮ್ಮಾ, ಇದನ್ನ ನಾನು ಎಷ್ಟು ಅಂತ ಬರ್ಕೊಳ್ಳಲಿ?" ಎಂದು ಡಾಕ್ಟರು ನನ್ನ ಮುಖ ನೋಡುವರು. ಡಾಕ್ಟರು ಬಗ್ಗಬಾರದು ಅಂದಿದ್ದಕ್ಕೆ ಇವರು ಹಾಲಿನ ಚೀಲಕ್ಕೆಂದು ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದಿದ್ದರು. ಬೆನ್ನು ವಾಸಿಯಾಗಿ ಬಗ್ಗಲು ಬಂದಂತೆಲ್ಲ ಇನ್ನೊಂದು ಮೊಳೆ, ಇನ್ನಷ್ಟು ಕೆಳಗೆ. ಬಾಯಿ ಹೇಳದ್ದನ್ನು ನಾನು ಚೌಕಟ್ಟು ನೋಡಿ ತಿಳಿಯುತ್ತಿದ್ದೆ. ಹೊಸ್ತಿಲ ಹತ್ತಿರದವರೆಗೂ ಇಳಿದಿದ್ದರು. ಮಾರನೆಯ ದಿನ ಕೈಕೊಟ್ಟಿದ್ದು ಎದೆ, ಬೆನ್ನಲ್ಲ. ಈಗ ನನಗೆ ಮಂಡಿನೋವು. "ಬಗ್ಗೋಕೆ ಕಷ್ಟ ಅಲ್ವೇನಕ್ಕ, ಮೇಲಿನ ಮೊಳೆಗೆ ಹಾಕ್ಲಾ?" ಅನ್ನುತ್ತಾನೆ ಹಾಲಿನವನು. "ಪರವಾಗಿಲ್ಲ, ಕೆಳಗೇ ಇರ್ಲಿ" ಅನ್ನುತ್ತೇನೆ. ದಿನಾ ಬೆಳಗ್ಗೆ ಬಾಗಿಲು ತೆಗೆದು, ಚೌಕಟ್ಟು ಹಿಡಿದುಕೊಂಡು, ಅವರು ಬಗ್ಗಿದಷ್ಟೂ ಬಗ್ಗಿ ಚೀಲ ತೆಗೆದುಕೊಳ್ಳುತ್ತೇನೆ.