ಹೊನ್ನಯ್ಯನ ರಾಜಿಪತ್ರ, ಲತಾಮಣಿಯ ಸೀಟು

ಅರಸೀಕೆರೆ ಹತ್ತಿರದ ಗಂಡಸಿ ಕಡೆ ಪಂಪ್‌ಸೆಟ್ ಮೋಟಾರ್ ಸುಟ್ಟರೆ ರೈತರು ಲತಾಮಣಿಯ ಮನೆಗೆ ತರುತ್ತಾರೆ. ಮನೆಗೆ ಎಂದರೆ ಜಗಲಿಯವರೆಗೆ. ಮೋಟಾರ್ ಒಳಗೆ ಹೋಗುತ್ತದೆ, ಅವರು ಹೋಗುವುದಿಲ್ಲ. ಸುಟ್ಟ ತಂತಿ ಬಿಚ್ಚಿ ಹೊಸದಾಗಿ ಕಾಯಿಲ್ ಕಟ್ಟುವುದನ್ನು ಆಕೆ ಗಂಡನ ಪಕ್ಕ ಕೂತು ಕಲಿತಳು. ಅವನು ತೀರಿಕೊಂಡ ಮೇಲೆ ಒಬ್ಬಳೇ ಕಟ್ಟುತ್ತಾಳೆ. ಆದರೆ ಸರ್ಟಿಫಿಕೇಟ್ ಇಲ್ಲ. ಆದ್ದರಿಂದ ಸ್ವಂತ ಅಂಗಡಿಯೂ ಇಲ್ಲ.

ಅರಸೀಕೆರೆಯ ಒಂದು ಟ್ರಸ್ಟ್ ವಯಸ್ಕರಿಗೆ ಆರು ತಿಂಗಳ ಮೋಟಾರ್ ತರಬೇತಿ, ಜೊತೆಗೆ ಸ್ಕಾಲರ್‌ಶಿಪ್ಪು, ಕೊನೆಗೆ ಸರ್ಟಿಫಿಕೇಟು ಕೊಡುತ್ತದೆ. ಹಿಂದೆ ಈ ಸೀಮೆಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಅದರ ವಿರುದ್ಧ ನಡೆದ ಹೋರಾಟದ ನೆನಪಿಗೆ. ನಿಯಮ ಎರಡೇ. ವಯಸ್ಸು ನಲವತ್ತೈದು ಮೀರಿರಬಾರದು. ಹೋರಾಟದಲ್ಲಿ ಪಾತ್ರ ವಹಿಸಿದ ಕುಟುಂಬವೆಂದು ಕಾಗದ ತೋರಿಸಬೇಕು. ಲತಾಮಣಿಗೆ ನಲವತ್ತೈದಾಗಿತ್ತು. ಉಳಿದಿದ್ದದ್ದು ಒಂದು ಸೀಟು.

ಕಾಗದ ಇತ್ತು. ಅವಳಪ್ಪ ಹೊನ್ನಯ್ಯ ಊರ ಹೋಟೆಲಿನಲ್ಲಿ ಉಳಿದವರಿಗೆಂದು ಇಟ್ಟಿದ್ದ ಲೋಟ ಎತ್ತಿ ಕಾಫಿ ಕುಡಿದು, ಏಟು ತಿಂದು, ಎಡಗಿವಿ ಕಿವುಡು ಮಾಡಿಸಿಕೊಂಡವನು. ಸಂಗತಿ ಪೊಲೀಸರ ತನಕ ಹೋದಾಗ ಊರಿನ ಪದ್ಧತಿಯಂತೆ ಪಂಚಾಯ್ತಿ ಕೂತು ರಾಜಿ ಮಾಡಿಸಿತು. ಇನ್ನು ಒಂದೇ ಲೋಟ ಎಂದು ಓದಿ ಹೇಳಿದರು. ಹೊನ್ನಯ್ಯ ಹೆಬ್ಬೆಟ್ಟೊತ್ತಿದ. ಗೆದ್ದೆನೆಂದು ಆ ಪತ್ರವನ್ನು ಸಾಯುವವರೆಗೂ ಟ್ರಂಕಿನಲ್ಲಿಟ್ಟಿದ್ದ.

“ತಗೊಂಡೋಗವ್ವ, ನಿಮ್ಮಪ್ಪನ ಕಿವಿ ಐತೆ ಅದ್ರಲ್ಲಿ,” ಎಂದಳು ತಾಯಿ ಮುದ್ದಮ್ಮ.

ಆ ಕೂಡಕ್ಷರದ ಹಳೇ ಕೈಬರಹದಲ್ಲಿ ಲತಾಮಣಿಗೆ ಓದಲಾದದ್ದು ಅಪ್ಪನ ಹೆಸರು, ‘ಒಂದೇ ಲೋಟ’, ಇಷ್ಟೇ. ಸಾಕೆಂದುಕೊಂಡು ಅರ್ಜಿಗೆ ಅಸಲನ್ನೇ ಲಗತ್ತಿಸಿದಳು.

ಸಂದರ್ಶನದ ಕಮಿಟಿಯ ನಡುವೆ ಕೂತಿದ್ದವರು ನಿವೃತ್ತ ಮೇಷ್ಟ್ರು ಚಿದಂಬರ. ಅದೇ ಹೋಟೆಲಿನವರ ಮಗ. ಟ್ರಸ್ಟಿಗೆ ಕಟ್ಟಡ ದಾನ ಕೊಟ್ಟಿದ್ದರಿಂದ ಸಮಾನತೆಯ ಸಭೆಗಳಲ್ಲಿ ಅವರಿಗೆ ಮಾತ್ರ ಎತ್ತರದ ಕುರ್ಚಿ.

“ನಮ್ಮಪ್ಪನ ಅಕ್ಷರ ಕಣಮ್ಮ,” ಎಂದು ಕನ್ನಡಕ ಏರಿಸಿ ಓದಿದರು. “‘ಸದರಿ ಹೋಟೆಲಿನಲ್ಲಿ ಎಂದೂ ಬೇರೆ ಲೋಟ ಇಟ್ಟಿರುವುದಿಲ್ಲ. ಹೊನ್ನಯ್ಯನಾದ ನಾನೇ ಕುಡಿದ ಅಮಲಿನಲ್ಲಿ ಬಿದ್ದು ಕಿವಿಗೆ ಪೆಟ್ಟು ಮಾಡಿಕೊಂಡಿರುತ್ತೇನೆ. ಮಾಲೀಕರು ಸರ್ವರಿಗೂ ಒಂದೇ ಲೋಟದಲ್ಲಿ ಕಾಫಿ ಕೊಡುವ ಉದಾರಿಗಳು.’”

“ನಮ್ಮಪ್ಪ ಕುಡೀತಿರ್ಲಿಲ್ಲ ಸಾರ್.”

“ನಾನೆಲ್ಲಮ್ಮ ಹೇಳ್ದೆ? ಹೆಬ್ಬೆಟ್ಟು ಹೇಳ್ತಾ ಇದೆ.”

“ಬರ್ದಿದ್ದನ್ನ ಹೋಗಿರೋ ಕಿವೀಗೆ ಓದ್ಬುಟ್ರೇನೋ ಸಾರ್.”

ಕಮಿಟಿ ನಕ್ಕಿತು. ಜಾಣೆ ಎಂದಿತು. ಹೋರಾಟವೇ ನಡೆದಿಲ್ಲವೆಂದು ತಂದೆಯೇ ಒಪ್ಪಿರುವುದರಿಂದ ಅರ್ಜಿ ತಿರಸ್ಕೃತ ಎಂದೂ ಬರೆಯಿತು.

ಸೀಟು ಖಾಲಿ ಬಿಡುವ ಹಾಗಿರಲಿಲ್ಲ. ಅದೇ ಪತ್ರದ ಕೊನೆಯ ಸಾಲಿನ ಆಧಾರದ ಮೇಲೆ ಹೋಟೆಲಿನವರ ಮೊಮ್ಮಗ, ನಲವತ್ತರ ಧರ್ಮೇಶನಿಗೆ ಕೊಟ್ಟರು. ಉದಾರಿಗಳ ಕುಟುಂಬ, ಪಾತ್ರೆ ಕೊಟ್ಟವರದೂ ಒಂದು ಪಾತ್ರವೇ ಎಂಬುದು ಕಮಿಟಿಯ ವಾದ. ಅಣ್ಣನ ಮಗನ ವಿಷಯ ಬಂದಾಗ ಚಿದಂಬರ ಮೇಷ್ಟ್ರು ನಿಷ್ಪಕ್ಷಪಾತವಾಗಿ ಎದ್ದು ಕಾಫಿಗೆ ಹೋಗಿದ್ದರು.

ಧರ್ಮೇಶ ಈಗ ಬಸ್‌ಸ್ಟ್ಯಾಂಡ್ ಬಳಿ ಅಂಗಡಿ ತೆರೆದಿದ್ದಾನೆ. ಸರ್ಟಿಫಿಕೇಟಿಗೆ ಗಾಜು ಹಾಕಿಸಿದ್ದಾನೆ. ಕಾಯಿಲ್ ಕಟ್ಟಲು ಮಾತ್ರ ಬರುವುದಿಲ್ಲ. ಮೊನ್ನೆ ಲಗೇಜ್ ಆಟೋದಲ್ಲಿ ಮೂರು ಮೋಟಾರ್ ತಂದು ಲತಾಮಣಿಯ ಜಗಲಿಯಲ್ಲಿ ಇಳಿಸಿದ.

“ಲತಕ್ಕ, ನೀನ್ ಕಟ್ಟು, ನಾನ್ ಬಿಲ್ಗೆ ಸೈನ್ ಹಾಕ್ತೀನಿ. ಇಬ್ರಿಗೂ ಕೆಲ್ಸ ಆಯ್ತದೆ.”

“ಆರು ತಿಂಗ್ಳು ಏನ್ ಕಲ್ತ್ಯಪ್ಪ?”

“ಸೈನು,” ಎಂದು ನಕ್ಕ.

ಅವಳು ನಗಲಿಲ್ಲ. “ಯಾವಾಗ್ ಬೇಕು?” ಎಂದಳು.