ಜಯತ್ತೆಯ ಚಂದ್ರಿಕೆ, ಚನ್ನಣ್ಣನ ಸೊಪ್ಪು

ಮೊನ್ನೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಪಕ್ಕದಲ್ಲಿ ರೇಷ್ಮೆಗೂಡಿನ ಚೀಲ ಇಳಿಸಿದರು. ಬೆಂಚಿನ ಮೇಲಿದ್ದವರೆಲ್ಲ ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನೊಬ್ಬ ಚೀಲದ ಕಡೆಗೇ ಸರಿದು ಕೂತೆ. ನನ್ನ ಮೂಗನ್ನು ಅನುಮಾನಿಸಬೇಡಿ. ಮಲ್ಲಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು. ಆದರೆ ರಜೆಗಳನ್ನೆಲ್ಲ ಹುಳು ಸಾಕುವ ಮನೆಯಲ್ಲಿ ಕಳೆದ ಮೂಗು ಅದು. ಆ ಘಾಟು ಅದಕ್ಕೆ ನೆಂಟರಿದ್ದ ಹಾಗೆ.

ಆ ಮನೆ ನನ್ನ ಸೋದರತ್ತೆ ಜಯಮ್ಮನದು, ಮಳವಳ್ಳಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ. ಅಲ್ಲಿ ಯಜಮಾನಿಕೆ ಹುಳುವಿನದೇ. ಅದು ನಾಲ್ಕು ಸಲ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನನಗೆ ನಿಜವಾದ ಜ್ವರ ಬಂದಾಗ “ಮಲಿಕ್ಕೊಳ್ಳಾ, ಓಯ್ತದೆ” ಎಂದ ಅತ್ತೆ, ಹುಳುವಿಗೆ ಜ್ವರ ಬಂದರೆ ಬಾಗಿಲು ಕಿರುಗುಟ್ಟಲೂ ಬಿಡುತ್ತಿರಲಿಲ್ಲ. ನಾಲ್ಕನೆಯ ಜ್ವರ ಬಿಟ್ಟ ಮೇಲೆ ಹುಳು ತಿನ್ನುವುದನ್ನು ನೋಡಬೇಕು, ಹೊರೆ ಹೊರೆ ಸೊಪ್ಪೂ ಸಾಲದು. ಆಮೇಲೆ ಮೈ ಹಳದಿಗೆ ತಿರುಗಿ ‘ಹಣ್ಣಾ’ಗುತ್ತದೆ. ಹಣ್ಣಾದದ್ದನ್ನು ಆರಿಸಿ ಬಿದಿರು ಹೆಣೆದ ಚಂದ್ರಿಕೆಯ ಮೇಲೆ ಬಿಟ್ಟರೆ ಗೂಡು; ತಡಮಾಡಿದರೆ ನೂಲೆಲ್ಲ ನೆಲದ ಪಾಲು.

ಪಕ್ಕದ ಮನೆ ಚನ್ನಣ್ಣನದು. ಅವರದೂ ಹುಳುವಿನ ಮನೆಯೇ. ಬಚ್ಚಲ ನೀರು ಯಾರ ಅಂಗಳಕ್ಕೆ ಹರಿಯಿತು ಎಂಬ ವಿಚಾರದಲ್ಲಿ ಎರಡು ಮನೆಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಹೇಳಲೇಬೇಕಾದದ್ದನ್ನು ಅತ್ತೆ ತನ್ನ ಎಮ್ಮೆಗೆ, ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಚನ್ನಣ್ಣ ತನ್ನ ಮೇಕೆಗಳಿಗೆ ಉತ್ತರ ಕೊಡುತ್ತಿದ್ದರು. ಆ ಮೂಕಪ್ರಾಣಿಗಳಷ್ಟು ವಿಷಯ ತಿಳಿದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ರಜೆ ಹಾಕಿ ಹೋದಾಗ ಅತ್ತೆಯ ಜಗಲಿಯ ಮೇಲೆ ಚಂದ್ರಿಕೆಗಳು ಸೂರು ಮುಟ್ಟುವಷ್ಟು ಪೇರಿಸಿದ್ದವು. ಬಾಡಿಗೆಗೆ ಕೊಡುವವನ ಹತ್ತಿರ ಇದ್ದದ್ದನ್ನೆಲ್ಲ ಅವರೇ ತಂದುಬಿಟ್ಟಿದ್ದರು. ಬೇಕಾಗಿದ್ದದ್ದು ಅರ್ಧ.

“ಇಷ್ಟೊಂದು ಯಾಕತ್ತೆ?”

“ಮಿಕ್ಕುದ್ರೆ ಮಿಕ್ಕಲಿ ಬುಡು. ಆ ಚನ್ನನಿಗೆ ಸಿಕ್ಕಬಾರ್ದು ಕಣ್ಲಾ.”

ಆದರೆ ಅತ್ತೆಯ ಬೋರ್‌ವೆಲ್ಲಿನ ಮೋಟಾರು ಸುಟ್ಟು, ಹಿಪ್ಪುನೇರಳೆ ತೋಟ ಚಿಗುರದೆ ಕೂತಿತ್ತು. ಹುಳು ಹಣ್ಣಾಗಲು ಇನ್ನೆರಡು ದಿನ ಇದೆ ಎನ್ನುವಾಗ ಸೊಪ್ಪು ತಳ ಕಂಡಿತು. ಹುಳು ಸಾಕುವ ತಟ್ಟೆಗಳಲ್ಲಿ ಬರೀ ಕಡ್ಡಿ. ಹುಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅತ್ತೆ ಉಣ್ಣಲಿಲ್ಲ, ಅವರು ಉಣ್ಣದ ಮನೆಯಲ್ಲಿ ನಾನು ಎರಡನೆಯ ಮುದ್ದೆ ಕೇಳುವ ಧೈರ್ಯ ಮಾಡಲಿಲ್ಲ.

ಚನ್ನಣ್ಣನ ತೋಟದಲ್ಲಿ ಸೊಪ್ಪು ಆಳೆತ್ತರ ನಿಂತಿತ್ತು. ಅವರ ಹುಳು ಎರಡು ದಿನ ಮುಂದಿದ್ದು ಆಗಲೇ ಹಣ್ಣಾಗಿದ್ದರಿಂದ ಅವಕ್ಕೆ ಸೊಪ್ಪು ಇನ್ನು ಬೇಡ. ಬೇಕಾಗಿದ್ದದ್ದು ಚಂದ್ರಿಕೆ. ಬೆಳಿಗ್ಗೆ ಗೋಡೆಯಾಚೆಯಿಂದ ಅವರ ಹೆಂಡತಿಯ ದನಿ ಕೇಳಿಸಿತು. “ಉಳ ಎಲ್ಲಾ ಗ್ವಾಡೆ ಅತ್ತವೆ, ಏನ್ಮಾಡನ ಏಳಿ.”

ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅತ್ತೆಯ ಕೈ ನಿಂತಿತು. ಹುಲ್ಲನ್ನು ಅಲ್ಲೇ ಬಿಟ್ಟು ಜಗಲಿಗೆ ಬಂದರು.

“ಮನುಸ್ರು ಜಗಳಾಡುದ್ರೆ ಉಳ ಏನ್ ಮಾಡಾತ್ಲಾ? ಎತ್ಕೊ ಚಂದ್ರಿಕೆಯ.”

ನಾನು ಹೊತ್ತೆ. ಅತ್ತೆ ಮುಂದೆ, ನಾನು ಹಿಂದೆ. ಚನ್ನಣ್ಣ ಅಂಗಳದಲ್ಲೇ ನಿಂತಿದ್ದರು. ಅತ್ತೆಯನ್ನು ನೋಡದೆ ನನ್ನನ್ನು ಕೇಳಿದರು: “ಇದುಕ್ಕೆ ಬದ್ಲು ಏನ್ ಬೇಕಂತೆ, ನಿಮ್ಮತ್ತೇನ ಕೇಳಪ್ಪ.”

ಅತ್ತೆ ಅವರನ್ನು ನೋಡದೆ ನನಗೆ ಹೇಳಿದರು: “ನಾಳಿಕೆ ಮೇಕೆಗಾಕ್ತಾನಲ್ಲ ಆ ಸೊಪ್ಪ, ಮೇಕೆಗೆ ಒಂದೆರಡು ದಿನ ಉಪಾಸ ಆಕು ಅಂತ ಏಳ್ಳಾ.”

ಚನ್ನಣ್ಣ ನಗು ತಡೆಯಲು ಮೀಸೆ ನೀವಿದರು, ಆಗಲಿಲ್ಲ. “ಮೇಕೆ ನನ್ ಸುಮ್ನೆ ಬುಟ್ಟದಾ ಜಯಕ್ಕ?” ಎಂದುಬಿಟ್ಟರು, ನೇರವಾಗಿ ಅತ್ತೆಗೇ. ಎಮ್ಮೆ, ಮೇಕೆ, ನಾನು ಮೂವರೂ ಅಂದೇ ಕೆಲಸ ಕಳೆದುಕೊಂಡೆವು.

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ತಟ್ಟೆಗಳಲ್ಲಿ ಮತ್ತೆ ಹುಳು ಸೊಪ್ಪು ಮೇಯುವ, ತುಂತುರು ಮಳೆಯಂಥ ಸದ್ದು. ಅತ್ತೆ ಬಾಗಿಲಲ್ಲಿ ಕೂತು ಕೇಳಿದರು, ಆಮೇಲೆ ಉಂಡರು. ಮುಂದಿನ ಬೆಳೆಯಿಂದ ಎರಡು ಮನೆಯವರೂ ಹುಳು ತರುವ ದಿನವನ್ನು ಹಿಂದೆಮುಂದೆ ಮಾಡಿಕೊಂಡರು. ಇವರ ಹುಳು ಗೂಡಿಗೆ ಹತ್ತಿದಾಗ ಅವರದು ಇನ್ನೂ ಎಳಸು. ಹಾಗಾಗಿ ಅವೇ ಚಂದ್ರಿಕೆ ಎರಡೂ ಮನೆಗೆ ಸಾಲುತ್ತದೆ, ಒಬ್ಬರಲ್ಲಿ ಮಿಕ್ಕ ಸೊಪ್ಪು ಇನ್ನೊಬ್ಬರಿಗೆ ಹೋಗುತ್ತದೆ, ಹಣ್ಣುಹುಳು ಆರಿಸಲು ಒಬ್ಬರಿಗೊಬ್ಬರು ಕೈಹಾಕುವುದರಿಂದ ಕೂಲಿಯವರನ್ನು ಹುಡುಕಬೇಕಿಲ್ಲ. ಹಿಕ್ಕೆ, ಕಡ್ಡಿಯೆಲ್ಲ ಒಂದೇ ಗುಂಡಿಗೆ ಬಿದ್ದು ಎರಡೂ ತೋಟಕ್ಕೆ ಗೊಬ್ಬರ. ಬಚ್ಚಲ ನೀರಿನ ತಕರಾರು ಮಾತ್ರ ಇನ್ನೂ ತೀರಿಲ್ಲ.

ಮದ್ದೂರಿನ ಬೆಂಚಿನಿಂದಲೇ ಅತ್ತೆಗೆ ಫೋನು ಮಾಡಿದೆ. “ಈಗ ಇಬ್ರೂ ಚೆನ್ನಾಗಿ ಮಾತಾಡ್ತೀರಾ?” ಎಂದು ಕೆಣಕಿದೆ.

“ಉಳಕ್ಕೆ ಎಷ್ಟು ಬೇಕೋ ಅಷ್ಟು ಆಡ್ತೀವಿ ಕಣ್ಲಾ. ಚನ್ನ ಕಾಲು ಮುರ್ಕೊಂಡು ಮಲಗವ್ನೆ. ಅವ್ನ ಉಳಾನೂ ನಾನೇ ನೋಡ್ಕೊತಾ ಇವ್ನಿ. ನಾಳಿಕೆ ಅಣ್ಣಾಯ್ತವೆ. ಪೋನಲ್ಲಿ ನಗೋದು ಬುಟ್ಟು ಬಂದು ಕೈ ಆಕು.”

ಮಂಡ್ಯದ ಗುತ್ತಲಿನಲ್ಲಿರುವ ನನ್ನ ಮನೆಯಲ್ಲಿ ಭಾನುವಾರ ಮಲಗಿ ಕಳೆಯಬೇಕೆಂದು ಇಡೀ ವಾರ ಆಸೆಪಟ್ಟಿದ್ದೆ. ಮಂಡ್ಯದ ಬಸ್ಸು ಬಂತು, ಹತ್ತಲಿಲ್ಲ. ಮಳವಳ್ಳಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು ಆ ಕಡೆ ನಡೆದೆ.