ಗಾಲಿಯಕ್ಕನ ಮೂವತ್ತೈದು ಕುರ್ಚಿಗಳು

ಮಂಗಳವಾರ, ಬೆಳಗಿನ ಐದು ಗಂಟೆ. ಸೇವಾ ಸಂಘದ ಸಭಾಂಗಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಗಾಲಿಕುರ್ಚಿಯೊಂದನ್ನು ನೆಲಕ್ಕೆ ಮಗುಚಿ ಹಾಕಿಕೊಂಡು, ಅದರ ಬೆನ್ನಿನ ತಗಡಿನ ಮೇಲಿರುವ ಹೆಸರನ್ನು ಬ್ಲೇಡಿನಿಂದ ಕೆರೆಯುತ್ತಿದ್ದಾರೆ. ಅದು ಸಂಘದ ಹೋದ ವರ್ಷದ ಅಧ್ಯಕ್ಷರ ಹೆಸರು. ಈ ವರ್ಷದ ಅಧ್ಯಕ್ಷರ ಹೆಸರಿನ ಅಚ್ಚು ಪಕ್ಕದಲ್ಲೇ ಇದೆ, ಒಂದು ಡಬ್ಬಿ ನೀಲಿ ಬಣ್ಣವೂ ಇದೆ. ಕೆರೆದಂತೆಲ್ಲ ಕೆಳಗಿನಿಂದ ಇನ್ನೊಂದು ಹೆಸರು ಇಣುಕುತ್ತದೆ, ಅದರ ಕೆಳಗಿನಿಂದ ಮತ್ತೊಂದು.

"ಈ ಕುರ್ಚಿ ಮೇಲೆ ಒಂಬತ್ತು ಜನ ಅಧ್ಯಕ್ಷರು ಕೂತಿದಾರೆ ನೋಡಿ. ನಡೆಯೋಕಾಗದೋರು ಕೂತಿದ್ದು ನಾಲ್ಕೇ ಜನ," ಎಂದು ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನಾನು ಇಲ್ಲಿಗೆ ಬಂದಿದ್ದು ಇವರನ್ನು ನೋಡಲಿಕ್ಕಲ್ಲ. 'ಮೂವತ್ತೈದು ಹೊಸ ಗಾಲಿಕುರ್ಚಿಗಳ ವಿತರಣೆ, ಭಾನುವಾರ ಬೆಳಗ್ಗೆ ಹತ್ತೂವರೆಗೆ' ಎಂಬ ಆಮಂತ್ರಣ ಪತ್ರ ನಮ್ಮ ಪತ್ರಿಕೆಯ ಕಚೇರಿಗೆ ಬಂದಿತ್ತು, ಮುಂಚಿತವಾಗಿ ಒಂದು ಲೇಖನ ಬರಲಿ ಎಂಬ ಕೋರಿಕೆಯೊಂದಿಗೆ. ಬೀಗದ ಕೈ ಇರುವವರು ಬೆಳಗಿನ ಐದಕ್ಕೆ ಮಾತ್ರ ಸಿಗುತ್ತಾರೆಂದು ತಿಳಿದು, ಹೊಸ ಕುರ್ಚಿಗಳನ್ನು ನೋಡೋಣವೆಂದು ಬಂದರೆ ಸಿಕ್ಕಿದ್ದು ಈ ಶೆಡ್ಡು, ಈ ಬ್ಲೇಡು. ಹೊಸದು ಎಷ್ಟು ಎಂದು ಕೇಳುತ್ತೇನೆ. ಅವರು ಮೂಲೆಗೆ ಕೈ ತೋರಿಸುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಒಂದು ಕುರ್ಚಿ ಇದೆ. "ಅದೊಂದೇ. ಮಿಕ್ಕಿದ್ದೆಲ್ಲ ಬಣ್ಣ."

ಇವರನ್ನು ಎಲ್ಲರೂ ಗಾಲಿಯಕ್ಕ ಅನ್ನುತ್ತಾರೆ. ತಂದೆಗೆ ಸೈಕಲ್ ರಿಪೇರಿ ಅಂಗಡಿ ಇತ್ತು, ಹಾಗಾಗಿ ಲಂಗ ಹಾಕುವ ವಯಸ್ಸಿನಲ್ಲೇ ಸ್ಪಾನರ್ ಹಿಡಿದ ಕೈ ಇವರದು. ಹತ್ತು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದಾಗ ಸಂಘದಿಂದ ಕುರ್ಚಿ ಎರವಲು ತಂದರು. ಅತ್ತೆ ತೀರಿಕೊಂಡ ಮೇಲೆ ವಾಪಸ್ ಕೊಡಲು ಹೋದಾಗ, ತಂದಾಗ ಕಿರುಗುಟ್ಟುತ್ತಿದ್ದ ಗಾಲಿ ಸದ್ದಿಲ್ಲದೆ ತಿರುಗುತ್ತಿತ್ತು. ಕಾರ್ಯದರ್ಶಿ ಅದನ್ನು ಗಮನಿಸಿ, "ಬಿಡುವಾದಾಗ ಬಂದು ಉಳಿದವನ್ನೂ ನೋಡಮ್ಮ" ಎಂದರು. ಆ ಬಿಡುವು ಒಂಬತ್ತು ವರ್ಷವಾಯಿತು. ಎಂಟು ಗಂಟೆಗೆ ಹೊಲಿಗೆ ಕಾರ್ಖಾನೆಯ ಪಾಳಿ ಶುರುವಾಗುತ್ತದೆ, ಅದಕ್ಕೇ ಐದಕ್ಕೆ ಇಲ್ಲಿರುತ್ತಾರೆ. ಸಂಬಳ ಇಲ್ಲ. ಯಾಕೆಂದರೆ ಇದು ಸೇವೆ. ಸೇವೆ ಮಾಡುವವರು ಶೆಡ್ಡಿನಲ್ಲಿರುತ್ತಾರೆ, ಸೇವಾ ಸಂಘದವರು ವೇದಿಕೆಯ ಮೇಲಿರುತ್ತಾರೆ.

ಸಂಘದ ಹತ್ತಿರ ಇರುವುದು ಮೂವತ್ತನಾಲ್ಕು ಹಳೆಯ ಕುರ್ಚಿಗಳು. ಹತ್ತೊಂಬತ್ತು ಕುರ್ಚಿಗಳು ಜನರ ಮನೆಗಳಲ್ಲಿವೆ, ಹದಿನೈದು ಶೆಡ್ಡಿನಲ್ಲಿವೆ. ವಾರಕ್ಕೆ ಎರಡಾದರೂ ರಿಪೇರಿಗೆ ಬರುತ್ತವೆ. ಗಾಲಿಯಕ್ಕ ಮುಂದಿನ ಪುಟ್ಟ ಗಾಲಿಗಳನ್ನು ಬಿಚ್ಚಿ, ಅಚ್ಚಿಗೆ ಸುತ್ತಿಕೊಂಡ ಕೂದಲನ್ನು ಚಿಮಟದಿಂದ ಎಳೆದು ನನ್ನ ಮುಂದೆ ಹಿಡಿಯುತ್ತಾರೆ. "ಗಾಲಿ ಹಿಡಿಯೋದು ತುಕ್ಕಿಗಲ್ಲ, ಇದಕ್ಕೆ. ಇದು ಕೂತೋರ ಕೂದಲಲ್ಲ ಸರ್, ತಳ್ಳೋರದ್ದು. ಹೆಂಡ್ತಿದೋ ಮಗಳದ್ದೋ ಸೊಸೆದೋ. ಬಾಚ್ಕೊಳ್ಳೋಕೂ ಪುರುಸೊತ್ತಿಲ್ಲದೆ ಉದುರಿರೋದು." ಆ ಕೂದಲುಂಡೆಯನ್ನು ಬಿಸಾಡದೆ ಒಂದು ಗಳಿಗೆ ಬೆರಳಲ್ಲೇ ಹಿಡಿದಿರುತ್ತಾರೆ.

ಹದಿನೈದು ಕುರ್ಚಿ ಸುಮ್ಮನೆ ನಿಂತಿವೆಯಲ್ಲ, ಕೇಳುವವರಿಲ್ಲವೆ? ಇದ್ದಾರೆ. ಗೋಡೆಗೆ ಅಂಟಿಸಿದ ಕಾಗದದಲ್ಲಿ ಹದಿನೈದು ಜನರ ವಿಳಾಸಗಳಿವೆ. ಎರಡು ತಿಂಗಳಿಂದ ಕಾಯುತ್ತಿದ್ದಾರೆ. ಸಮಾರಂಭದ ತನಕ ಒಂದನ್ನೂ ಹೊರಗೆ ಬಿಡಬೇಡ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಅತಿ ಹೆಚ್ಚು ದಾನ ಮಾಡಿದ ಸಂಘಕ್ಕೆ ವರ್ಷಕ್ಕೊಂದು ಫಲಕ ಸಿಗುತ್ತದಂತೆ, ಅದಕ್ಕೆ ಲೆಕ್ಕ ತೋರಿಸಬೇಕು. ರಿಪೇರಿಯನ್ನು ಯಾರೂ ದಾನವೆಂದು ಲೆಕ್ಕ ಹಿಡಿಯುವುದಿಲ್ಲ. ಎರವಲಿಗೂ ಅದೇ ಗತಿ. ಥೂ, ಇಂಥ ಫಲಕಕ್ಕಿಷ್ಟು!

ಗುರುವಾರ ಸಂಜೆ ವಾರದ ಸಭೆಗೆ ಹೋಗುತ್ತೇನೆ. ಅಧ್ಯಕ್ಷರು ಪುಟ್ಟ ಗಂಟೆ ಬಾರಿಸುತ್ತಾರೆ, ಎಲ್ಲರೂ ಎದ್ದು ಧ್ಯೇಯವಾಕ್ಯ ಓದುತ್ತಾರೆ. ಹುಟ್ಟುಹಬ್ಬದವರಿಗೆ ಚಪ್ಪಾಳೆ. ರಕ್ತದಾನಕ್ಕೆ ಬಂದವರ ಸಂಖ್ಯೆ, ಶಾಲೆಗೆ ಕೊಟ್ಟ ಪುಸ್ತಕಗಳ ಸಂಖ್ಯೆ, ಎಲ್ಲಕ್ಕೂ ಚಪ್ಪಾಳೆ. ಅವರಲ್ಲಿ ಕೆಟ್ಟವರು ಹೆಚ್ಚಿಲ್ಲ ಎಂದು ನ್ಯಾಯವಾಗಿ ಹೇಳಬೇಕು. ರಕ್ತ ಕೊಟ್ಟದ್ದು ನಿಜ, ಪುಸ್ತಕ ಕೊಟ್ಟದ್ದೂ ನಿಜ. ಆದರೆ ಬಾಗಿಲ ಬಳಿ ನಿಂತಿರುವ ಗಾಲಿಯಕ್ಕನಿಗೆ ಒಂದು ಕುರ್ಚಿ ಎಳೆದುಕೊಡಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯುವುದಿಲ್ಲ.

"ಹೊರಗಿರೋ ಹತ್ತೊಂಬತ್ತೂ ಶನಿವಾರ ಸಂಜೆಗೆ ಶೆಡ್ಡಲ್ಲಿರಬೇಕಮ್ಮ. ಒಂದು ದಿನದ ಮಟ್ಟಿಗೆ ಅಷ್ಟೇ," ಎನ್ನುತ್ತಾರೆ ಅಧ್ಯಕ್ಷರು.

"ನೋಡ್ತೀನಿ ಸರ್," ಎನ್ನುತ್ತಾರೆ ಗಾಲಿಯಕ್ಕ.

ಸಭೆ ಮುಗಿದ ಮೇಲೆ, ಮೆಟ್ಟಿಲ ಮೇಲೆ ಕೂತು ಹೋದ ವರ್ಷದ ಕತೆ ಹೇಳುತ್ತಾರೆ. ಆಗಲೂ ಒಂದು ದಿನದ ಮಟ್ಟಿಗೆ ಎಂದಿದ್ದರು. ಗಡಿಯಾರ ರಿಪೇರಿಯ ತಾತನ ಕುರ್ಚಿಯನ್ನು ಇವರೇ ಹೋಗಿ ತಂದರು. ವೇದಿಕೆಯ ಮೇಲೆ ಅದನ್ನು ಇನ್ಯಾರಿಗೋ ಕೊಟ್ಟರು. ಫೋಟೋ ತೆಗೆದರು. ಪಡೆದವರು ಖುಷಿಯಿಂದ ಮನೆಗೆ ಕೊಂಡೊಯ್ದರು. ಅವರದೇನು ತಪ್ಪು? "ಸಂಜೆಗೆ ತಂದ್ಬಿಡ್ತೀನಿ ತಾತ ಅಂತ ಹೇಳಿ ಬಂದಿದ್ದೆ ನಾನು. ಇಪ್ಪತ್ತೆರಡು ದಿನ ಆಯ್ತು ಇನ್ನೊಂದು ಹೊಂದಿಸೋಕೆ. ಅಷ್ಟರಲ್ಲಿ ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗಿತ್ತು. ಕುರ್ಚಿ ತಗೊಂಡು ಹೋದಾಗ, ಬಾಗಿಲಲ್ಲಿಡು, ನಾಳೆ ಕೂರ್ತೀನಿ ಅಂದ್ರು. ಕೂರಲೇ ಇಲ್ಲ." ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ, "ಅವ್ರು ಸುಳ್ಳು ಹೇಳಿದ್ದು ಮೈಕಲ್ಲಿ. ನಾನು ಹೇಳಿದ್ದು ತಾತನ ಮುಖ ನೋಡ್ಕೊಂಡು," ಎನ್ನುತ್ತಾರೆ. ನಾನು ಟಿಪ್ಪಣಿ ಪುಸ್ತಕ ಮುಚ್ಚಿಡುತ್ತೇನೆ.

ಎಲೆಮರೆಯ ಕಾಯಿ ಎಂಬ ಮಾತನ್ನು ನಾವು ಬರೆಯುವವರು ತುಂಬ ಪ್ರೀತಿಯಿಂದ ಬಳಸುತ್ತೇವೆ. ಆ ಮಾತು ಈಗ ನನಗೆ ಸಿಟ್ಟು ತರಿಸುತ್ತದೆ. ಕಾಯಿಯನ್ನು ಮರೆ ಮಾಡಿದ ಎಲೆ ಯಾವುದು ಎಂದು ಯಾರೂ ಕೇಳುವುದಿಲ್ಲ.

ಶನಿವಾರ ಬೆಳಗ್ಗೆ ಐದಕ್ಕೆ ಮತ್ತೆ ಶೆಡ್ಡಿಗೆ ಹೋಗುತ್ತೇನೆ. ಒಳಗೆ ಬಣ್ಣದ ವಾಸನೆ ತುಂಬಿದೆ. ಹದಿನೈದು ಕುರ್ಚಿಗಳ ಜಾಗದಲ್ಲಿ ಸಿಮೆಂಟಿನ ಮೇಲೆ ಗಾಲಿಯ ಗುರುತುಗಳು. ಗಾಲಿಯಕ್ಕ ಕಸ ಗುಡಿಸುತ್ತಿದ್ದಾರೆ. ಗೋಡೆಯ ಕಾಗದದಲ್ಲಿ ಹದಿನೈದು ವಿಳಾಸಗಳಿಗೂ ಅಡ್ಡಗೆರೆ ಬಿದ್ದಿದೆ.

"ಕೊಟ್ಬಿಟ್ಟೆ. ನನ್ನ ಮೈದುನಂದು ಸಾಮಾನು ಸಾಗಿಸೋ ಗಾಡಿ ಇದೆ. ಮೂರು ದಿನದಿಂದ ಅವನಿಗೂ ನಿದ್ದೆ ಇಲ್ಲ, ಬೈತಾನೇ ಇದಾನೆ ಪಾಪ."

ನಾಳೆ ಅಧ್ಯಕ್ಷರು ವಾಪಸ್ ತರಿಸಿದರೆ? "ಬನ್ನಿ ತೋರಿಸ್ತೀನಿ," ಎಂದು ಎರಡು ಬೀದಿ ಆಚೆಗೆ ಕರೆದೊಯ್ಯುತ್ತಾರೆ. ಅಲ್ಲಿ ಸರ್ಕಾರಿ ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವ ಹೆಂಗಸಿನ ಮನೆ ಇದೆ. ಆಕೆ ಹದಿನೇಳನೇ ನಂಬರಿನ ಕುರ್ಚಿಯಲ್ಲಿ ಕೂತು ಹಲ್ಲುಜ್ಜುತ್ತಿದ್ದಾಳೆ. ಮೇಜಿನ ಕೆಳಗೆ ಹೋಗಲೆಂದು ಅದರ ಕೈಗಳನ್ನು ಗಾಲಿಯಕ್ಕನೇ ಗಿಡ್ಡ ಮಾಡಿಕೊಟ್ಟಿದ್ದಾರೆ. ಕುರ್ಚಿಯ ಬೆನ್ನಿನ ಮೇಲೆ ಅಧ್ಯಕ್ಷರ ಹೆಸರಿಲ್ಲ. ಅದೇ ನೀಲಿ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, ಕೂತವಳ ಹೆಸರಿದೆ.

"ಇನ್ನೂ ದೊಡ್ಡದಾಗಿ ಬರೀಬೇಕಿತ್ತಕ್ಕ. ಇಷ್ಟು ಚಿಕ್ಕದಾದ್ರೆ ಫೋಟೋದಲ್ಲಿ ಕಾಣಲ್ಲ," ಎನ್ನುತ್ತಾಳೆ ಆಕೆ ಬಾಯಲ್ಲಿ ನೊರೆ ತುಂಬಿಕೊಂಡೇ. ಮೂವರೂ ನಗುತ್ತೇವೆ. ಈ ವಾರದಲ್ಲಿ ನಾನು ನಕ್ಕಿದ್ದು ಇದೇ ಮೊದಲು.

ಮೂವತ್ತನಾಲ್ಕಕ್ಕೂ ಹೀಗೇ ಬರೆದಿದ್ದಾರೆ, ಮನೆಮನೆಗೆ ಡಬ್ಬಿ ಹೊತ್ತು. "ಇವರದ್ದೇ ಹೆಸರು ಬೆನ್ನ ಮೇಲಿರೋವಾಗ ಬೇರೆಯವರಿಗೆ ಹೊಸದು ಅಂತ ಹೆಂಗೆ ಕೊಡ್ತಾರೆ? ಮಾನ ಮರ್ಯಾದೆ ಬೇಡ್ವಾ?"

ನಾಳಿನ ಪುರವಣಿ ಇವತ್ತು ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಅಂದರೆ ಅಧ್ಯಕ್ಷರು ಬೆಳಗ್ಗೆ ಇದನ್ನು ಓದಿಯೇ ವೇದಿಕೆ ಹತ್ತುತ್ತಾರೆ. ಬರೆಯಲೋ ಬೇಡವೋ ಎಂದು ಕೇಳುತ್ತೇನೆ, ಯಾಕೆಂದರೆ ಹತ್ತೂವರೆಗೆ ಮುಂಚೆಯೇ ಶೆಡ್ಡಿನ ಬೀಗದ ಕೈ ಇವರಿಂದ ಹೋಗುತ್ತದೆ.

"ಬರೀರಿ. ಬೀಗ ತಾನೇ, ಇಟ್ಕೊಳ್ಳಲಿ. ಗಾಲಿ ಕೆಟ್ರೆ ಜನ ನಮ್ಮನೆಗೇ ಬರ್ತಾರೆ. ಸ್ಪಾನರ್ ನಮ್ಮಪ್ಪಂದು, ಸಂಘದ್ದಲ್ಲ."

ಹಾಗೆಂದರೂ ವಾಪಸ್ ಬಂದು ಶೆಡ್ಡಿಗೆ ಬೀಗ ಹಾಕುವಾಗ ಅವರ ಕೈ ತಡೆಯುತ್ತದೆ. ಒಂಬತ್ತು ವರ್ಷದ ಜಾಗ. ಬಾಗಿಲ ಸಂದಿಯಿಂದ ಒಳಗೆ ನೋಡುತ್ತೇನೆ. ಪ್ಲಾಸ್ಟಿಕ್ ಬಿಚ್ಚಿದ ಆ ಒಂದು ಹೊಸ ಕುರ್ಚಿ ನಟ್ಟನಡುವೆ ನಿಂತಿದೆ, ಒರೆಸಿ ಇಟ್ಟಂತೆ. ಬೆನ್ನಿನ ಮೇಲೆ ಈ ವರ್ಷದ ಅಧ್ಯಕ್ಷರ ಹೆಸರು, ಒಂದಕ್ಷರವೂ ಸೊಟ್ಟಗಿಲ್ಲದೆ.

ಇದೊಂದನ್ನು ಯಾಕೆ ಬಿಟ್ಟಿರಿ?

"ಅದೊಂದು ಕೊಡ್ಲಿ ಸರ್, ಅವರ ಹೆಸರಲ್ಲೇ ಕೊಡ್ಲಿ," ಎನ್ನುತ್ತಾರೆ ಗಾಲಿಯಕ್ಕ, ಸೆರಗಿನಿಂದ ಬೆರಳ ನೀಲಿ ಒರೆಸಿಕೊಳ್ಳುತ್ತ. "ಅದು ನಿಜವಾಗ್ಲೂ ಅವರೇ ಕೊಟ್ಟಿದ್ದು."